ಜರ್ಮನಿ ಡೈರಿ – 14: ಯಾರೂ ಒಲೆ ಹಚ್ಚದ ಬಿಸಿನೀರು

ಹೋದ ಪೋಸ್ಟಿನಲ್ಲಿ ಅಮ್ಮ ಮಾವಿನ ಮಿಡಿ ಉಪ್ಪಿನಕಾಯಿ ಡಬ್ಬ ಸಮೇತ ಫ್ರಾಂಕ್‌ಫರ್ಟಿನಲ್ಲಿ ಬಂದಿಳಿದ ಕಥೆ ಬರೆದಿದ್ದೆ. "ಆಮೇಲೆ ಎಲ್ಲೆಲ್ಲಿ ಕರ್ಕೊಂಡು ಹೋದೆ? ಫೋಟೋ ಹಾಕು ಮಾರಾಯ್ತಿ" ಅಂತ ದೊಡ್ಡಮ್ಮನಿಂದ ಹಿಡಿದು ಪುತ್ತೂರಿನ ಕ್ಲಾಸ್‌ಮೇಟ್‌ಗಳವರೆಗೆ ಎಲ್ಲರೂ ಕೇಳಿದ್ರಿ. ಹೋದದ್ದು ಐದು ದಿನ, ನೋಡಿದ್ದು ಮೂರು ಊರು, ಕಾರು ಓಡಿಸಿದ್ದು ನಾನೇ. ಫೋಟೋ ಮಾತ್ರ ಸ್ವಲ್ಪವೇ ಉಂಟು. ಯಾಕೆ ಅಂದರೆ ಮುಖ್ಯವಾಗಿ ಹೋದ ಜಾಗದಲ್ಲಿ ಫೋಟೋ ತೆಗೆಯುವ ಹಾಗಿಲ್ಲ, ಅದು ಸ್ನಾನದ ಜಾಗ. ಹಾಗಾಗಿ ಈ ಸಲ ಬರೆದೇ ಹೇಳುತ್ತೇನೆ, ಉದ್ದ ಆದರೆ ಬೈಯಬೇಡಿ. ಕೊನೆಗೆ ಅಮ್ಮನ ಒಂದು ಮಾತು ಬರುತ್ತದೆ. ಅದನ್ನು ಅವರ ಒಪ್ಪಿಗೆ ಕೇಳಿಯೇ ಬರೆದದ್ದು.

ಮೊದಲು ಡ್ರೈವಿಂಗ್ ವಿಷಯ. ನಮ್ಮ ಊರಿನ ಲೈಸೆನ್ಸು ಇಲ್ಲಿಗೆ ಬಂದು ನೆಲೆಸಿದ ಮೇಲೆ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಥಿಯರಿ ಪರೀಕ್ಷೆ, ರೋಡ್ ಪರೀಕ್ಷೆ ಎರಡೂ ಬರೆದು ಪಾಸಾಗಬೇಕು. ಮಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಒಂದೇ ಸಲಕ್ಕೆ ಪಾಸಾದವಳು ಇಲ್ಲಿ ರೋಡ್ ಪರೀಕ್ಷೆಯಲ್ಲಿ ಒಮ್ಮೆ ಫೇಲಾದೆ. ಕಾರಣ, ಬೋರ್ಡ್ ಇಲ್ಲದ ಸಣ್ಣ ಕ್ರಾಸಿನಲ್ಲಿ ಬಲಗಡೆಯಿಂದ ಬರುವವನಿಗೆ ಮೊದಲು ದಾರಿ ಬಿಡಬೇಕು ಅಂತ ನಿಯಮ. ನಾನು ನಮ್ಮ ಊರಿನ ಅಭ್ಯಾಸದಲ್ಲಿ "ಅವನೇ ನಿಲ್ಲಿಸ್ತಾನೆ" ಅಂತ ಮುಂದೆ ಹೋದೆ. ಎರಡನೇ ಸಲ ಪಾಸಾದೆ. ಆದರೂ ಅಮ್ಮನನ್ನು ಕೂರಿಸಿಕೊಂಡು ಆಟೋಬಾನ್‌ಗೆ ಇಳಿದದ್ದು ಇದೇ ಮೊದಲು. ನಮ್ಮವರಿಗೆ ರಜೆ ಸಿಗಲಿಲ್ಲ. ಬಾಡಿಗೆ ಕಾರಿಗೆ ಹತ್ತುವ ಮೊದಲು ಅಮ್ಮ ಸ್ಟಿಯರಿಂಗಿಗೆ ಕುಂಕುಮ ಇಡಲು ಹೊರಟರು. "ಅಮ್ಮಾ, ಇದು ವಾಪಸ್ ಕೊಡುವ ಕಾರು, ಕಲೆ ಆದರೆ ದುಡ್ಡು ಕೀಳ್ತಾರೆ" ಅಂದದ್ದಕ್ಕೆ ನನ್ನ ಹಣೆಗೇ ಇಟ್ಟರು.

ಸ್ನಾನದ ಊರುಗಳೇ ಯಾಕೆ? ಅಮ್ಮನ ಮೊಣಕಾಲು. ಏಳು ವರ್ಷದಿಂದ ನೋವು, ಸವೆತ. ನೆಲದಡಿಯಿಂದ ಬಿಸಿನೀರು ಬರುವ ಊರುಗಳು ಇಲ್ಲಿ ಬೇಕಾದಷ್ಟು ಉಂಟು. ಅಂಥ ಎಷ್ಟೋ ಊರುಗಳ ಹೆಸರಿನ ಮುಂದೆ "ಬಾಡ್" ಅಂತ ಇರುತ್ತದೆ. ಬಾಡ್ ಅಂದರೆ ಸ್ನಾನ. ಬೆಂಗಳೂರಿನಲ್ಲಿರುವ ತಮ್ಮ ಫೋನಿನಲ್ಲಿ "ಬಾಡೂಟ ಸಿಗ್ತದಾ ಅಲ್ಲಿ?" ಅಂತ ಕೇಳಿದ. ಅವನಿಗೆ ಎಲ್ಲವೂ ತಮಾಷೆ.

ಮೊದಲ ದಿನ ಆಖೆನ್. ನಾವಿರುವ ಕೊಲೋನ್‌ನಿಂದ ಎಪ್ಪತ್ತು ಕಿಲೋಮೀಟರ್. ಊರಿನ ಮಧ್ಯದಲ್ಲಿ ಎಲಿಸೆನ್‌ಬ್ರುನ್ನೆನ್ ಅಂತ ದೊಡ್ಡ ಕಂಬಗಳ ಮಂಟಪ ಉಂಟು, ಹತ್ತಿರ ಹೋಗುವಾಗಲೇ ಗಂಧಕದ ವಾಸನೆ. ನಾನು ಮೂಗು ಮುಚ್ಚಿಕೊಂಡೆ. ಅಮ್ಮ ಮಾತ್ರ ನಿಂತು ಉಸಿರೆಳೆದು, "ಇದು ಬೆಂದ್ರು ತೀರ್ಥದ ವಾಸನೆಯಲ್ವಾ!" ಅಂದರು. ನಮ್ಮ ಇರ್ದೆಯ ಬೆಂದ್ರು ತೀರ್ಥ. ಮದುವೆಗೆ ಮೊದಲು ಅಜ್ಜಿಯ ಜೊತೆ ಹೋಗಿ ಅಲ್ಲಿ ಸ್ನಾನ ಮಾಡಿದ್ದರಂತೆ. ಪುತ್ತೂರಿನಲ್ಲೇ ಹುಟ್ಟಿದ ನಾನು ಒಮ್ಮೆಯೂ ಹೋದವಳಲ್ಲ. ಏಳು ಸಾವಿರ ಕಿಲೋಮೀಟರ್ ದೂರ ಬಂದು ಅದರ ವಾಸನೆ ಕಂಡದ್ದು. ಇಲ್ಲಿಯ ನೀರು ಐವತ್ತು ಡಿಗ್ರಿಗಿಂತ ಹೆಚ್ಚು ಬಿಸಿ. ಅಮ್ಮ ಬೆರಳ ತುದಿಯಲ್ಲಿ ಮುಟ್ಟಿ ತಲೆಗೆ ಪ್ರೋಕ್ಷಿಸಿಕೊಂಡರು. ಪಕ್ಕದಲ್ಲಿದ್ದ ಒಬ್ಬರು ಜರ್ಮನ್ ಅಜ್ಜಿ ನೋಡಿ ನಕ್ಕರು.

ಈ ನೀರಿಗಾಗಿಯೇ ರೋಮನ್ನರು ಇಲ್ಲಿ ಸ್ನಾನಗೃಹ ಕಟ್ಟಿದ್ದರು. ಅವರ ನಂತರ ಶಾರ್ಲಮೇನ್ ಚಕ್ರವರ್ತಿ ಇದೇ ಊರಿನಲ್ಲಿ ಅರಮನೆ ಮಾಡಿಕೊಂಡ. ಅವನ ಜೀವನ ಚರಿತ್ರೆ ಬರೆದ ಐನ್‌ಹಾರ್ಡ್, ರಾಜ ಒಬ್ಬನೇ ನೀರಿಗೆ ಇಳಿಯುತ್ತಿರಲಿಲ್ಲ, ಮಕ್ಕಳು, ಸ್ನೇಹಿತರು, ಕಾವಲಿನವರು ಎಲ್ಲರನ್ನೂ ಕರೆಯುತ್ತಿದ್ದ, ಕೆಲವೊಮ್ಮೆ ನೂರಕ್ಕಿಂತ ಹೆಚ್ಚು ಜನ ಒಟ್ಟಿಗೆ ಇರುತ್ತಿದ್ದರು ಅಂತ ಬರೆದಿದ್ದಾನೆ. ಶಾರ್ಲಮೇನ್ 814ರಲ್ಲಿ ಇಲ್ಲೇ ತೀರಿಕೊಂಡ. ಅವನು ಕಟ್ಟಿಸಿದ ಎಂಟು ಮೂಲೆಯ ಪ್ರಾರ್ಥನಾ ಮಂದಿರ ಈಗಿನ ಕ್ಯಾಥೆಡ್ರಲ್ಲಿನ ನಡುಭಾಗ. 1978ರಲ್ಲಿ ಯುನೆಸ್ಕೋ ಮೊದಲ ಸಲ ವಿಶ್ವ ಪರಂಪರೆಯ ಪಟ್ಟಿ ಮಾಡಿದಾಗ ಇದ್ದದ್ದು ಹನ್ನೆರಡೇ ಜಾಗ, ಅದರಲ್ಲಿ ಇದೊಂದು. ನಾನು ಇದನ್ನೆಲ್ಲ ಉತ್ಸಾಹದಿಂದ ಹೇಳಿದೆ. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ನೂರು ಜನರ ಒದ್ದೆ ಬಟ್ಟೆ ಯಾರು ಒಗೆದದ್ದು?"

ಎರಡನೇ ದಿನ ಟ್ರಿಯರ್. ದಾರಿ ಮಧ್ಯದಲ್ಲಿ ಬೆಲ್ಜಿಯಂ ಬಂದು ಹೋಗುತ್ತದೆ. ಒಂದು ನೀಲಿ ಬೋರ್ಡ್, ಅಷ್ಟೇ. ಗೇಟಿಲ್ಲ, ಪೊಲೀಸರಿಲ್ಲ. "ಈ ಬೋರ್ಡಿಗಾಗಿಯಾ ನನ್ನ ಹತ್ರ ಅಷ್ಟು ಕಾಗದ ಕೇಳಿದ್ದು ವೀಸಾ ಆಫೀಸಿನಲ್ಲಿ?" ಅಂತ ಅಮ್ಮ. ಐಫೆಲ್ ಬೆಟ್ಟಗಳ ದಾರಿ ಚೆಂದ, ಶಿರಾಡಿಯಷ್ಟು ತಿರುವಿಲ್ಲ, ಲಾರಿಗಳ ಕಾಟ ಇಲ್ಲ.

ಟ್ರಿಯರ್ ರೋಮನ್ನರು ಎರಡು ಸಾವಿರ ವರ್ಷದ ಹಿಂದೆ ಕಟ್ಟಿದ ಊರು. ಕಪ್ಪು ಕಲ್ಲಿನ ದೊಡ್ಡ ಹೆಬ್ಬಾಗಿಲು, ಪೋರ್ಟಾ ನೀಗ್ರಾ, ಇನ್ನೂ ನಿಂತಿದೆ. ಹನ್ನೊಂದನೇ ಶತಮಾನದಲ್ಲಿ ಸಿಮಿಯೋನ್ ಎಂಬ ಸನ್ಯಾಸಿ ಅದರೊಳಗೆ ಬಾಗಿಲು ಮುಚ್ಚಿಸಿಕೊಂಡು ತಪಸ್ಸಿಗೆ ಕೂತನಂತೆ. ಅವನು ಸತ್ತ ಮೇಲೆ ಅದನ್ನೇ ಚರ್ಚ್ ಮಾಡಿದರು. ಹಾಗಾಗಿ ಯಾರೂ ಕಲ್ಲು ಕಿತ್ತುಕೊಂಡು ಹೋಗಲಿಲ್ಲ, ಉಳಿಯಿತು. ಕಾರ್ಲ್ ಮಾರ್ಕ್ಸ್ ಹುಟ್ಟಿದ ಮನೆಯೂ ಈ ಊರಿನಲ್ಲೇ ಇದೆ. ನಮ್ಮ ಮಾವ ಕೇಳಿದರೆ ಖುಷಿಪಡುತ್ತಾರೆ ಅಂತ ಒಂದು ಫೋಟೋ ತೆಗೆದೆ, ಕೆಳಗೆ ಹಾಕಿದ್ದೇನೆ.

ಆದರೆ ನಾವು ಹೆಚ್ಚು ಹೊತ್ತು ಇದ್ದದ್ದು ಕೈಸರ್‌ಥೆರ್ಮೆನ್‌ನಲ್ಲಿ. ಚಕ್ರವರ್ತಿಯ ಸ್ನಾನಗೃಹ. ಸುಮಾರು ಕ್ರಿ.ಶ. 300ರಲ್ಲಿ ಶುರು ಮಾಡಿದ್ದು, ಮೂರು ನಾಲ್ಕು ಮಾಳಿಗೆ ಎತ್ತರದ ಗೋಡೆಗಳು. ತಮಾಷೆ ಅಂದರೆ ಸ್ನಾನಗೃಹವಾಗಿ ಅದು ಪೂರ್ತಿ ಆಗಲೇ ಇಲ್ಲ. ಅಲ್ಲಿ ಯಾರೂ ಸ್ನಾನ ಮಾಡಲಿಲ್ಲ, ಆಮೇಲೆ ಸೈನಿಕರಿಗೆ ಕೊಟ್ಟರು. ನೆಲದಡಿಗೆ ಇಳಿದರೆ ಉದ್ದುದ್ದ ಸುರಂಗದ ದಾರಿಗಳು. ಬೆಂಕಿ ಹಾಕುವವರು, ಸೌದೆ ಹೊರುವವರು ಓಡಾಡಲು ಮಾಡಿದ್ದು. ಮೇಲೆ ಸ್ನಾನ ಮಾಡುವವರಿಗೆ ಇವರು ಕಾಣುವುದೇ ಇಲ್ಲ. ನೆಲದ ಕೆಳಗೆ ಬಿಸಿ ಗಾಳಿ ಹರಿದು ಮೇಲಿನ ಕೋಣೆ ಬಿಸಿಯಾಗಬೇಕು, ಅದು ರೋಮನ್ನರ ಉಪಾಯ.

ಅಮ್ಮನ ಮೊಣಕಾಲಿಗೆ ಆ ಮೆಟ್ಟಿಲು ಬೇಡ ಅಂತ ನಾನು ಹೇಳಿದೆ. ಕೇಳಲಿಲ್ಲ, ಗೋಡೆ ಹಿಡಿದುಕೊಂಡು ಇಳಿದರು. ಕೆಳಗೆ ನಿಂತು ಆಚೆ ಈಚೆ ನೋಡಿ, "ನಮ್ಮ ಬಚ್ಚಲಿನ ಹಾಗೆಯೇ" ಅಂದರು. ನನಗೆ ನಗು ಬಂತು, ಆದರೆ ಅವರು ತಮಾಷೆ ಮಾಡಿದ್ದಲ್ಲ. ನಮ್ಮ ಮನೆಯ ಬಚ್ಚಲು ಗೊತ್ತಿದ್ದವರಿಗೆ ಗೊತ್ತು. ಹೊರಗಡೆಯಿಂದ ಒಲೆಯ ಬಾಯಿ, ಒಳಗೆ ಹಂಡೆ. ಬೆಳಿಗ್ಗೆ ಐದಕ್ಕೆ ಎದ್ದು ಅಮ್ಮ ಹೊರಗೆ ಕುಕ್ಕರಗಾಲಿನಲ್ಲಿ ಕೂತು ತೆಂಗಿನ ಮಡಲು, ಅಡಿಕೆ ಸಿಪ್ಪೆ ತುರುಕಿ ಬೆಂಕಿ ಮಾಡುವುದು. ಮಳೆಗಾಲದಲ್ಲಿ ಒದ್ದೆ ಮಡಲಿನ ಹೊಗೆ, ಕಣ್ಣೆಲ್ಲ ಕೆಂಪು. ಅಜ್ಜ, ಅಪ್ಪ, ನಾವು ಮಕ್ಕಳು, ಬಂದ ನೆಂಟರು, ಎಲ್ಲರ ಸ್ನಾನ ಆಗುವಾಗ ಹಂಡೆಯಲ್ಲಿ ಉಗುರು ಬೆಚ್ಚಗಿನ ನೀರು. ಅದರಲ್ಲಿ ಅಮ್ಮನ ಸ್ನಾನ. ನೀರು ತುಂಬುವ ಹಬ್ಬದ ದಿನವೂ ಹಾಗೆಯೇ. ಅಮ್ಮ ಎಷ್ಟು ಬಿಸಿ ನೀರಿನಲ್ಲಿ ಸ್ನಾನ ಮಾಡುತ್ತಾರೆ ಅಂತ ನಾನು ಆಲೋಚನೆ ಮಾಡಿದ್ದೇ ಇಲ್ಲ.

ಮೂರನೇ ದಿನ ಬಾಡೆನ್-ಬಾಡೆನ್ ಕಡೆಗೆ. ಮೂರು ಗಂಟೆಯ ದಾರಿ, ಆದರೆ ಕಾರ್ಲ್ಸ್‌ರೂ ಹತ್ತಿರ ಮುಂದೆ ಏನೋ ಆಕ್ಸಿಡೆಂಟ್ ಆಗಿ ಎಲ್ಲ ನಿಂತಿತು. ಇಲ್ಲಿ ಒಂದು ನಿಯಮ ಉಂಟು. ಆಟೋಬಾನ್‌ನಲ್ಲಿ ಗಾಡಿಗಳು ನಡೆಯುವಷ್ಟು ನಿಧಾನ ಆದ ಕೂಡಲೇ, ಸೈರನ್ ಕೇಳಲಿ ಬಿಡಲಿ, ಎಡತುದಿಯ ಲೇನಿನವರು ಎಡಕ್ಕೆ ಒತ್ತಬೇಕು, ಉಳಿದವರೆಲ್ಲ ಬಲಕ್ಕೆ. ನಡುವೆ ಒಂದು ಓಣಿ ಬಿಡಬೇಕು. ನಾನೂ ಬಲಕ್ಕೆ ಒತ್ತಿ ನಿಂತೆ. ಸ್ವಲ್ಪ ಹೊತ್ತಿನಲ್ಲಿ ಆ ಓಣಿಯಲ್ಲಿ ಆಂಬುಲೆನ್ಸ್ ಸುಯ್ಯೆಂದು ಹೋಯಿತು. ಒಬ್ಬರೂ ಹಾರ್ನ್ ಹಾಕಲಿಲ್ಲ, ಅದರ ಹಿಂದೆ ಒಬ್ಬನೂ ನುಗ್ಗಲಿಲ್ಲ.

ಅಮ್ಮ ತುಂಬಾ ಹೊತ್ತು ಮಾತಾಡಲಿಲ್ಲ. ಏನು ನೆನಪಾಗಿರಬಹುದು ಅಂತ ನನಗೆ ಗೊತ್ತು. 2022ರ ಜುಲೈ. ಬೆಳಿಗ್ಗೆ ಅಪ್ಪನ ಬಾಯಿ ಓರೆಯಾಗಿ, ಬಲಗೈ ಬಿದ್ದು ಹೋಯಿತು. ತಲೆ ತಿರುಗಿದ್ದು ಅಂತ ಲಿಂಬೆ ಶರಬತ್ತು ಕೊಟ್ಟು ಮಲಗಿಸಿದ್ದರಲ್ಲಿ ಎರಡು ಗಂಟೆ ಹೋಯಿತು. ಆಮೇಲೆ ಆಂಬುಲೆನ್ಸ್, ಆಮೇಲೆ ಬಿ.ಸಿ. ರೋಡಿನ ಬ್ಲಾಕ್. ಮಂಗಳೂರು ಮುಟ್ಟುವಾಗ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡುವ ನಾಲ್ಕೂವರೆ ಗಂಟೆಯ ಅವಧಿ ದಾಟಿತ್ತು. ದಯವಿಟ್ಟು ಇದೊಂದು ನೆನಪಿಡಿ: ಮುಖ ಒಂದು ಬದಿಗೆ ಜೋತರೆ, ಒಂದು ಕೈ ಎತ್ತಲು ಆಗದಿದ್ದರೆ, ಮಾತು ತೊದಲಿದರೆ ಶರಬತ್ತು ಬೇಡ, ಮಲಗಿಸಿ ನೋಡುವುದು ಬೇಡ. ಕೂಡಲೇ ಸ್ಕ್ಯಾನ್ ಇರುವ ದೊಡ್ಡ ಆಸ್ಪತ್ರೆ.

ಅಪ್ಪ ಹನ್ನೊಂದು ತಿಂಗಳು ಹಾಸಿಗೆಯಲ್ಲಿದ್ದರು. ನಾನು ಮಧ್ಯದಲ್ಲಿ ಒಮ್ಮೆ ಬಂದದ್ದು, ಮೂರು ವಾರ. ತೀರಿಕೊಂಡಾಗ ತಲುಪಿದ್ದು ಮೂರನೇ ದಿನ.

ನಾಲ್ಕನೇ ದಿನ ಸ್ನಾನ. ಬಾಡೆನ್-ಬಾಡೆನ್‌ನ ಬುಗ್ಗೆಗಳ ನೀರು 68 ಡಿಗ್ರಿಯವರೆಗೆ ಬಿಸಿ, ತಣಿಸಿಯೇ ಕೊಳಕ್ಕೆ ಬಿಡುವುದು. ರೋಮನ್ನರ ಕಾಲದಿಂದ ಜನ ಬರುತ್ತಿದ್ದಾರೆ. 2021ರಲ್ಲಿ ಯುರೋಪಿನ ಹನ್ನೊಂದು ಸ್ನಾನದ ಊರುಗಳನ್ನು ಯುನೆಸ್ಕೋ ಒಟ್ಟಿಗೆ ಪಟ್ಟಿಗೆ ಸೇರಿಸಿತು, ಅದರಲ್ಲಿ ಇದೂ ಒಂದು. ಇಲ್ಲಿ ಎರಡು ಮುಖ್ಯ ಸ್ನಾನಗೃಹ. ಒಂದು 1877ರ ಫ್ರೀಡ್ರಿಕ್ಸ್‌ಬಾಡ್, ಅರಮನೆಯ ಹಾಗಿದೆ. ಅಲ್ಲಿ ಬಟ್ಟೆ ಹಾಕಿಕೊಂಡು ಇಳಿಯುವ ಪದ್ಧತಿ ಇಲ್ಲ. ಇದನ್ನು ಹೇಳಿದಾಗ ಅಮ್ಮ ನಕ್ಕ ನಗು ಈ ಪ್ರವಾಸದ ಲಾಭ. ನಾವು ಹೋದದ್ದು ಪಕ್ಕದ ಕಾರಕಲ್ಲಾ ಥೆರ್ಮೆಗೆ, ಅಲ್ಲಿ ಕೊಳಗಳಲ್ಲಿ ಈಜುಡುಪು ಬೇಕೇ ಬೇಕು. ಅಮ್ಮನಿಗೆ ಮೊದಲೇ ಅಂಗಡಿಯಲ್ಲಿ ಮೊಣಕಾಲಿನಿಂದ ಕೆಳಗೆ ಬರುವ, ಉದ್ದ ತೋಳಿನ ಈಜುಡುಪು ತೆಗೆದಿದ್ದೆ. ಹಾಕಿಕೊಂಡು ಕನ್ನಡಿ ನೋಡಿ, "ಯಕ್ಷಗಾನದ ವೇಷದ ಒಳಗೆ ಹಾಕುವ ಬಟ್ಟೆಯ ಹಾಗುಂಟು" ಅಂದರು. ಕಾಲು ಗಂಟೆ ಬಟ್ಟೆ ಬದಲಿಸುವ ಕೋಣೆಯಿಂದ ಹೊರಗೆ ಬರಲಿಲ್ಲ. ಕೊನೆಗೆ ಎಂಬತ್ತು ದಾಟಿದ ಒಬ್ಬರು ಅಜ್ಜಿ ವಾಕರ್ ಹಿಡಿದುಕೊಂಡು ಈಜುಡುಪಿನಲ್ಲಿ ನಿಧಾನಕ್ಕೆ ನಡೆದು ಹೋದದ್ದು ನೋಡಿ, "ಅವರೇ ಹೋಗ್ತಾರಂತೆ, ನನಗೆಂತ" ಅಂತ ಹೊರಟರು.

ನರ್ಸ್ ಆಗಿ ಒಂದು ಮಾತು. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಬಿಸಿನೀರಿನಲ್ಲಿ ತುಂಬಾ ಹೊತ್ತು ಕೂರಬಾರದು, ರಕ್ತನಾಳ ಹಿಗ್ಗಿ ಬಿಪಿ ಇಳಿದು ತಲೆ ಸುತ್ತುತ್ತದೆ. ಡಾಕ್ಟರನ್ನು ಕೇಳಿಯೇ ಹೋಗಬೇಕು. ನಾನು ಹದಿನೈದು ನಿಮಿಷ ನೀರು, ಅರ್ಧ ಗಂಟೆ ವಿಶ್ರಾಂತಿ ಅಂತ ಲೆಕ್ಕ ಇಟ್ಟಿದ್ದೆ. ಇನ್ನೊಂದು, ಈ ನೀರು ಮೊಣಕಾಲಿನ ಸವೆತ ವಾಸಿ ಮಾಡುವುದಿಲ್ಲ. ಆದರೆ ಎದೆಮಟ್ಟ ನೀರಿನಲ್ಲಿ ನಿಂತರೆ ಕಾಲಿನ ಮೇಲೆ ಬೀಳುವ ಭಾರ ಅರ್ಧಕ್ಕಿಂತ ಕಡಿಮೆ ಆಗುತ್ತದೆ, ನೋವಿಲ್ಲದೆ ನಡೆಯಬಹುದು.

ಅಮ್ಮ ನಡೆದರು. ಹೊರಗಡೆಯ ಕೊಳದಲ್ಲಿ ಸಣ್ಣಗೆ ಹಬೆ ಏಳುತ್ತಿತ್ತು, ಸುತ್ತ ಮರಗಳು. ಈ ತುದಿಯಿಂದ ಆ ತುದಿಗೆ, ನನ್ನ ಕೈ ಬಿಟ್ಟು, ಎರಡು ಸಲ. ಮತ್ತೆ ಅಂಚಿನಲ್ಲಿ ಕುತ್ತಿಗೆವರೆಗೆ ನೀರಿನಲ್ಲಿ ಕೂತು ಕೇಳಿದರು, "ಇದಕ್ಕೆ ಬೆಂಕಿ ಹಾಕುವವರು ಯಾರೂ ಇಲ್ವಾ?" ಇಲ್ಲ ಅಮ್ಮ, ಭೂಮಿಯೇ ಬಿಸಿ ಮಾಡುವುದು ಅಂದೆ.

ಸ್ವಲ್ಪ ಹೊತ್ತು ಬಿಟ್ಟು, ನನ್ನ ಮುಖ ನೋಡದೆ ಹೇಳಿದರು. "ಒಂದು ದಿನ ನಾನು ಬೇಕಂತಲೇ ಹೋಗ್ಲಿಲ್ಲ."

ಮಳೆಗಾಲ. ಒಗೆದ ಬಟ್ಟೆ ಯಾವುದೂ ಒಣಗಿರಲಿಲ್ಲ. ಬೆಳಿಗ್ಗೆಯಿಂದ ಮೂರು ಸಲ ಅಪ್ಪನ ಹಾಸಿಗೆ ಬದಲಿಸಿ ಆಗಿತ್ತು. ನಾಲ್ಕನೇ ಸಲ ಅಪ್ಪ ಒಳಗಿನಿಂದ ಕರೆದರು. ಮಾತು ಬರುತ್ತಿರಲಿಲ್ಲ, "ಏ" ಅಂತ ಒಂದು ಸ್ವರ ಮಾತ್ರ. ಅಮ್ಮ ಬಚ್ಚಲಿನ ಒಲೆಯ ಎದುರು ಕೂತಿದ್ದರು. ಕೇಳಿಸಿತು. ಏಳಲಿಲ್ಲ. ಮಡಲು ತುರುಕುತ್ತಾ ಅಲ್ಲೇ ಕೂತರು. ಒಂದು ಗಂಟೆ. ಆಮೇಲೆ ಹೋಗಿ ಒರೆಸಿ ಬದಲಿಸಿದರು. "ಅವರು ನನ್ನ ಮುಖವನ್ನೇ ನೋಡಿದ್ರು. ಗೊತ್ತಾಗಿತ್ತು ಅವರಿಗೆ," ಅಂದರು. "ಯಾರಿಗೂ ಹೇಳಿಲ್ಲ. ನೀನು ದಿನಾ ಇದೇ ಕೆಲಸ ಮಾಡುವುದಲ್ವಾ. ನಿನಗೆ ಹಾಗೆ ಆಗ್ತದಾ?"

ನನ್ನ ಕೆಲಸದ ಬಗ್ಗೆ ಊರಿನವರಿಗೆ ಸರಿಯಾಗಿ ಗೊತ್ತಿಲ್ಲ, ನಾನೂ ಬಿಡಿಸಿ ಹೇಳಿಲ್ಲ. ನಮ್ಮಲ್ಲಿ ಆಸ್ಪತ್ರೆಯಲ್ಲಿ ರೋಗಿಯ ಮೈ ಒರೆಸುವುದು, ಬಟ್ಟೆ ಬದಲಿಸುವುದು ಜೊತೆಗೆ ಬಂದ ಮನೆಯವರ ಕೆಲಸ. ಇಲ್ಲಿ ಅದು ನರ್ಸಿನ ಕೆಲಸ. ನಾನಿರುವುದು ವಯಸ್ಸಾದವರ ವಾರ್ಡು. ಬಂದ ಹೊಸತರಲ್ಲಿ ಅಳು ಬಂದಿತ್ತು, ಈಗ ಅಭ್ಯಾಸ. ಅಮ್ಮನಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಆಗ್ತದೆ ಅಮ್ಮ" ಅಂದೆ. ರಾತ್ರಿ ಪಾಳಿಯಲ್ಲಿ ಒಂದೇ ರೂಮಿನಿಂದ ಹತ್ತನೇ ಸಲ ಬೆಲ್ ಬಂದಾಗ ನಾನೂ ಕುರ್ಚಿಯಲ್ಲೇ ಕೂತು ಇಪ್ಪತ್ತರವರೆಗೆ ಎಣಿಸಿದ್ದುಂಟು. ಆದರೆ ಬೆಳಿಗ್ಗೆ ಇನ್ನೊಬ್ಬಳು ಬರುತ್ತಾಳೆ. ಹ್ಯಾಂಡ್‌ಓವರ್ ಕೊಟ್ಟು ಮನೆಗೆ ಹೋಗಿ ಮಲಗುತ್ತೇನೆ.

ಅಮ್ಮ ಹೇಳಿದರು, "ನನಗೆ ಬೆಳಗಾದ್ರೂ ಯಾರೂ ಬರ್ಲಿಲ್ಲ."

ಬೈದದ್ದಲ್ಲ. ಇದ್ದದ್ದು ಹೇಳಿದ್ದು, ಅಷ್ಟೇ. ನನಗೆ ಆಗ ನೆನಪಾದದ್ದು ನನ್ನದೇ ವಿಡಿಯೋ ಕಾಲ್‌ಗಳು. "ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಿ. ಬೆನ್ನು ತೋರಿಸಿ. ಹಿಮ್ಮಡಿ ತೋರಿಸಿ. ಕೆಂಪಾಗಿದೆಯಾ?" ಹನ್ನೊಂದು ತಿಂಗಳು ಅಪ್ಪನಿಗೆ ಒಂದೇ ಒಂದು ಹಾಸಿಗೆ ಹುಣ್ಣು ಆಗಲಿಲ್ಲ. ವಾರ್ಡಿನಲ್ಲಿ ನಾನು ಅದನ್ನು ಹೆಮ್ಮೆಯಿಂದ ಹೇಳಿಕೊಂಡಿದ್ದೆ, ನನ್ನ ಟ್ರೈನಿಂಗ್ ಅಂತ. ಎರಡು ಗಂಟೆಗೊಮ್ಮೆ ಅಂದರೆ ದಿನಕ್ಕೆ ಹನ್ನೆರಡು ಸಲ. ನಮ್ಮಲ್ಲಿ ಅದನ್ನು ಮೂರು ಪಾಳಿಯವರು ಹಂಚಿಕೊಂಡು ಮಾಡುತ್ತೇವೆ. ಅಲ್ಲಿ ಒಬ್ಬರೇ, ಸವೆದ ಮೊಣಕಾಲಿನಲ್ಲಿ, ತನಗಿಂತ ಇಪ್ಪತ್ತು ಕೆಜಿ ಹೆಚ್ಚು ಭಾರದವರನ್ನು. ರಾತ್ರಿ ಎಷ್ಟು ಸಲ ಏಳುತ್ತೀರಿ ಅಂತ ನಾನು ಕೇಳಿದ್ದೇ ಇಲ್ಲ. ಅಪ್ಪನ ಬೆನ್ನು ನೋಡಿದೆ, ಅಮ್ಮನ ಮುಖಕ್ಕೆ ಕ್ಯಾಮೆರಾ ತಿರುಗಿಸಿ ಅನ್ನಲಿಲ್ಲ.

ಅದನ್ನು ಅಮ್ಮನಿಗೆ ಹೇಳಿದೆ. ಅವರು ನೀರಿನಲ್ಲಿ ಕೈ ಆಡಿಸುತ್ತಾ, "ನೀನು ಹೇಳಿದ್ದು ಸರಿಯೇ. ಹುಣ್ಣು ಆಗಿದ್ರೆ ಅವರಿಗೆ ಇನ್ನೂ ಕಷ್ಟ ಆಗ್ತಿತ್ತು" ಅಂದರು. ಮತ್ತೆ, "ಆ ಒಂದು ಗಂಟೆ ಮಾತ್ರ ಮರೆಯುವುದಿಲ್ಲ" ಅಂದರು. ನಾನು ಸಮಾಧಾನ ಹೇಳಲು ಹೋಗಲಿಲ್ಲ. ಹದಿನೈದು ನಿಮಿಷ ಯಾವಾಗಲೋ ಮುಗಿದಿತ್ತು. ಕೈ ಹಿಡಿದು ಮೇಲೆ ಹತ್ತಿಸಿ, ಟವೆಲ್ ಸುತ್ತಿ, ತಲೆ ಒರೆಸಿದೆ. ವಾರ್ಡಿನಲ್ಲಿ ದಿನಕ್ಕೆ ಎಂಟು ಜನರ ಮೈ ಒರೆಸುವ ಕೈ. ಅಮ್ಮನ ತಲೆ ಒರೆಸಿದ್ದು ಇದೇ ಮೊದಲು.

ಮರುದಿನ ಹೊರಡುವ ಮೊದಲು ಹೋಟೆಲಿನಲ್ಲಿ, "ಇವತ್ತಾದರೂ ನೀವು ಮೊದಲು ಸ್ನಾನಕ್ಕೆ ಹೋಗಿ" ಅಂದೆ. "ನೀನು ಮಾಡು ಮೊದಲು, ನನ್ನದು ಆಮೇಲೆ" ಅಂದರು. ಅಭ್ಯಾಸ ಹೋಗುವುದಿಲ್ಲ.

ಇದನ್ನು ಬರೆಯಬಹುದಾ ಅಂತ ಕೇಳಿದಾಗ ಅಮ್ಮ ಎರಡು ದಿನ ಯೋಚನೆ ಮಾಡಿ, "ಬರಿ. ಇನ್ನೊಬ್ಬಳಿಗೆ ಹಾಗೆ ಆಗಿದ್ರೆ ಅವಳೊಬ್ಬಳಿಗೇ ಅಂತ ಅನಿಸುವುದು ಬೇಡ" ಅಂದರು.

ಈ ದೇಶದಲ್ಲಿ 1995ರಿಂದ ಆರೈಕೆಗೆಂದೇ ಒಂದು ವಿಮೆ ಉಂಟು. ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರಿಗೆ ರಜೆ ಬೇಕಾದರೆ, ವರ್ಷದಲ್ಲಿ ಕೆಲವು ವಾರ ಬದಲಿ ಜನಕ್ಕೆ ಅದು ದುಡ್ಡು ಕೊಡುತ್ತದೆ. ನೋಡಿಕೊಳ್ಳುವವರಿಗೂ ಸುಸ್ತಾಗುತ್ತದೆ ಅಂತ ಕಾನೂನಿನಲ್ಲೇ ಬರೆದಿಟ್ಟಿದ್ದಾರೆ. ನಮ್ಮಲ್ಲಿ ಅದು ಬರುವಾಗ ಬರಲಿ. ಅಲ್ಲಿವರೆಗೆ ನಮ್ಮ ಕುಟುಂಬದಲ್ಲಿ, ನೆರೆಕರೆಯಲ್ಲಿ ಯಾರ ಮನೆಯಲ್ಲಾದರೂ ಒಬ್ಬರು ಮಲಗಿದ್ದರೆ, ನೋಡಲು ಹೋಗುವಾಗ ಹಣ್ಣು ಹಾರ್ಲಿಕ್ಸ್ ತೆಗೆದುಕೊಂಡು ಹೋಗುವುದು ಸಾಕು. "ಇವತ್ತು ಮೂರು ಗಂಟೆ ನಾನು ಕೂರುತ್ತೇನೆ, ನೀವು ಹೋಗಿ ಮಲಗಿ" ಅಂತ ಹೇಳಿ. ಮಗ್ಗಲು ಬದಲಿಸುವುದು ಹೇಗೆ ಅಂತ ಗೊತ್ತಿಲ್ಲದಿದ್ದರೆ ನನಗೆ ಫೋನ್ ಮಾಡಿ, ವಿಡಿಯೋದಲ್ಲಿ ತೋರಿಸುತ್ತೇನೆ. ಈ ಸಲ ನೋಡಿಕೊಳ್ಳುವವರ ಮುಖವನ್ನೂ ನೋಡುತ್ತೇನೆ.

ಅಮ್ಮ ನವೆಂಬರ್ ಮೊದಲ ವಾರ ಊರಿಗೆ ಬರುತ್ತಾರೆ. ಮೊಣಕಾಲು ಮೊದಲಿನ ಹಾಗೆಯೇ ಉಂಟು. ತಮ್ಮ ಗೀಸರ್ ಹಾಕಿಸುತ್ತೇನೆ ಅಂದಿದ್ದಾನೆ, ಮರೆತರೆ ನೀವು ನೆನಪು ಮಾಡಿ. ಮುಂದಿನ ಪೋಸ್ಟಿನಲ್ಲಿ ಅಮ್ಮ ಇಲ್ಲಿಯ ಸೂಪರ್ ಮಾರ್ಕೆಟಿನಲ್ಲಿ ಬಸಳೆ ಹುಡುಕಿದ ಕಥೆ.